ಅಗಸ್ತ್ಯನ ಮಾತನ್ನು ನಂಬಿದವರು

'ಆಕಾಶದ ಕಥೆ, ರಾಕೆಟ್ಟಿನ ಕಥೆ. ಅದು ಸಾಹಿತ್ಯ ಹೇಗಾದೀತು?' ಎನ್ನುವವರು ಒಂದು ಕಡೆ. 'ಅಯ್ಯೋ, ಅದರ ಕೊನೆಯನ್ನು ಓದಿ ನೋಡಿ ಸ್ವಾಮಿ, ಸಾಕ್ಷಾತ್ ನಮ್ಮ ಉಪನಿಷತ್ತೇ!' ಎನ್ನುವವರು ಇನ್ನೊಂದು ಕಡೆ. ಡೋರಿಸ್ ಲೆಸಿಂಗ್ ಅವರ 'ದಿ ಮೇಕಿಂಗ್ ಆಫ್ ದಿ ರೆಪ್ರೆಸೆಂಟೆಟಿವ್ ಫಾರ್ ಪ್ಲಾನೆಟ್ 8' ಎಂಬ ಕಾದಂಬರಿಯ ಪ್ರಸ್ತಾಪ ಬಂದಾಗಲೆಲ್ಲ ಈ ಎರಡು ಮಾತುಗಳನ್ನು ನಾನು ಕೇಳುತ್ತ ಬಂದಿದ್ದೇನೆ. ಮೊದಲನೆಯವರು ಪುಸ್ತಕವನ್ನು ಓದಿರುವುದಿಲ್ಲ. ಅವರೊಡನೆ ಜಗಳ ಸುಲಭ. ಎರಡನೆಯವರು ಓದಿರುತ್ತಾರೆ, ಮೆಚ್ಚಿರುತ್ತಾರೆ, ಮೆಚ್ಚಿದ ಸುಖದಲ್ಲಿ ಕಣ್ಣು ಮುಚ್ಚಿಕೊಂಡೂ ಇರುತ್ತಾರೆ. ನನ್ನ ತಕರಾರು ಮುಖ್ಯವಾಗಿ ಇವರೊಡನೆ.

ಮೊದಲನೆಯವರನ್ನು ಬೇಗ ಮುಗಿಸೋಣ. ಲೆಸಿಂಗ್ 1979ರಿಂದ 1983ರವರೆಗೆ 'ಕೆನೋಪಸ್ ಇನ್ ಆರ್ಗೋಸ್: ಆರ್ಕೈವ್ಸ್' ಎಂಬ ಹೆಸರಿನಲ್ಲಿ ಐದು ಕಾದಂಬರಿಗಳನ್ನು ಬರೆದರು. 1982ರಲ್ಲಿ ಬಂದ ಈ ಕೃತಿ ನಾಲ್ಕನೆಯದು; ಗಾತ್ರದಲ್ಲಿ ಪುಟ್ಟದು. ವಾಸ್ತವವಾದಿ ಕಾದಂಬರಿಗಳಿಂದ ಹೆಸರಾದ ಲೇಖಕಿ ಹೀಗೆ ನಕ್ಷತ್ರಗಳ ಕಡೆಗೆ ಮುಖ ಮಾಡಿದಾಗ ಇಂಗ್ಲಿಷ್ ವಿಮರ್ಶಕರಲ್ಲಿ ಹಲವರು ಮುಖ ಸಿಂಡರಿಸಿದರು. 2007ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂದಾಗಲೂ ಅಮೆರಿಕದ ದೊಡ್ಡ ವಿಮರ್ಶಕ ಹೆರಾಲ್ಡ್ ಬ್ಲೂಮ್ ಅವರು 'ನಾಲ್ಕನೆಯ ದರ್ಜೆಯ ವೈಜ್ಞಾನಿಕ ಕಥೆ' ಎಂಬರ್ಥದ ಮಾತಾಡಿ ಕೈ ತೊಳೆದುಕೊಂಡರು. ಪ್ರಳಯದ ಕಥೆಗಳನ್ನು ಹೇಳಿಯೇ ಪುರಾಣ ಕಟ್ಟಿದ ನಾಡಿನ ನಾವು ಈ ಮೂಗು ಮುರಿಯುವಿಕೆಯನ್ನು ಎರವಲು ತರಬೇಕೆ? ಕಾದಂಬರಿಕಾರರಾದ ಶಿವರಾಮ ಕಾರಂತರು ತಾವೇ ಕುಳಿತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದ ಭಾಷೆ ಇದು. ರಾಜಶೇಖರ ಭೂಸನೂರಮಠರು ಅಂತರಿಕ್ಷದ ಕಥೆಗಳನ್ನು ಬರೆದ ಭಾಷೆಯೂ ಇದೇ. ಕಥೆ ನಡೆಯುವ ಸ್ಥಳ ಹಾಸನವೋ ಹೊರಗಿನ ಗ್ರಹವೋ ಎಂಬುದನ್ನು ನೋಡಿ ದರ್ಜೆ ಕಟ್ಟುವುದು ವಿಮರ್ಶೆಯಲ್ಲ, ವಿಳಾಸ ನೋಡಿ ಕಾಗದ ವಿಂಗಡಿಸುವ ಕೆಲಸ. ಅವರ ಮಾತು ಇಲ್ಲಿಗೆ ಸಾಕು.

ಇನ್ನು ಕಥೆ. ಎಂಟನೆಯ ಗ್ರಹ ಬೆಚ್ಚಗಿನ, ಹಸುರಾದ, ಸಣ್ಣ ಲೋಕ. ಅಲ್ಲಿಯ ಜನ ಕಂದು ಮೈಬಣ್ಣದವರು. ತೆಳುಬಟ್ಟೆ ಉಟ್ಟು ಬಯಲಿನಲ್ಲಿ ಬದುಕಿದವರು. ಅವರನ್ನು ಅಲ್ಲಿ ನೆಲೆಗೊಳಿಸಿದ್ದು ಕೆನೋಪಸ್ ಎಂಬ ನಕ್ಷತ್ರದ ಕಡೆಯ ಮಹಾಸಾಮ್ರಾಜ್ಯ. ಅದು ಕ್ರೂರ ಸಾಮ್ರಾಜ್ಯವಲ್ಲ. ಬಹಳ ಒಳ್ಳೆಯದು, ಬಹಳ ತಿಳಿದದ್ದು, ತಾಯಿಯಂತೆ ನೋಡಿಕೊಳ್ಳುವಂಥದು. ಒಂದು ದಿನ ಕೆನೋಪಸ್ಸಿನಿಂದ ಅಪ್ಪಣೆ ಬರುತ್ತದೆ: ಗ್ರಹವನ್ನು ಸುತ್ತುವರಿಯುವಂತೆ ಒಂದು ಎತ್ತರದ ಗೋಡೆ ಕಟ್ಟಿರಿ. ಏಕೆ? ಹೇಳುವುದಿಲ್ಲ. ಜನ ಕೇಳುವುದೂ ಇಲ್ಲ. ತಲೆಮಾರಿನ ದುಡಿಮೆಯೆಲ್ಲ ಆ ಗೋಡೆಗೆ ಹೋಗುತ್ತದೆ. ಗೋಡೆ ಮುಗಿದ ಮೇಲೆ ಒಂದು ದಿನ ಆಕಾಶದಿಂದ ಬಿಳಿಯದು ಏನೋ ಉದುರತೊಡಗುತ್ತದೆ.

ಇಲ್ಲಿ ಕನ್ನಡ ಓದುಗನಿಗೆ ಒಂದು ವಿಶೇಷ ಸುಖವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮಲ್ಲಿ ಬೆಳಗಿನ ಹೊತ್ತು ಗದ್ದೆಯ ಮೇಲೆ ಕವಿಯುವುದೂ ಮಂಜು, ಹಿಮಾಲಯದ ಮೇಲೆ ಕೂಡುವುದೂ ಮಂಜು. ಆಲಿಕಲ್ಲನ್ನು ಮಾತ್ರ ಕೈಯಲ್ಲಿ ಹಿಡಿದು ಬಲ್ಲೆವು. ಉಳಿದದ್ದಕ್ಕೆಲ್ಲ ಸಂಸ್ಕೃತದ 'ಹಿಮ'ವನ್ನು ತಂದು ಹೊದಿಸಿದ್ದೇವೆ. ಎಂಟನೆಯ ಗ್ರಹದವರ ಪಾಡೂ ಹೀಗೆಯೇ. ಕಂಡದ್ದಕ್ಕೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ಹೆದರಬೇಕೋ ಬೇಡವೋ ತಿಳಿಯದು. ಚಳಿಯ ದೇಶದಲ್ಲಿ ಹುಟ್ಟಿದ ಓದುಗನಿಗೆ ಈ ಪುಟಗಳು ಕಲ್ಪನೆ. ನಮಗೆ ಬಹುಮಟ್ಟಿಗೆ ಅನುಭವ.

ಮುಂದಿನ ಪುಟಗಳೇ ಈ ಪುಸ್ತಕದ ನಿಜವಾದ ಸಂಪತ್ತು. ಚಳಿ ಎಂದರೆ ಮೈ ನಡುಗುವುದಷ್ಟೇ ಎಂದು ತಿಳಿದವರು ಅವನ್ನು ಓದಬೇಕು. ಮೊದಲು ಬಣ್ಣ ಹೋಗುತ್ತದೆ: ಹಸುರು, ನೀಲಿ, ಹಣ್ಣಿನ ಕೆಂಪು ಎಲ್ಲ ಹೋಗಿ ಬಿಳಿ ಮತ್ತು ಬೂದಿ ಉಳಿಯುತ್ತವೆ. ಆಮೇಲೆ ಊಟ ಹೋಗುತ್ತದೆ: ಹಣ್ಣು, ಕಾಳು, ಸೊಪ್ಪು ತಿಂದವರು ಕೆನೋಪಸ್ ತಂದುಬಿಟ್ಟ ದಪ್ಪ ಕೂದಲಿನ ಕೊಂಬಿನ ಪ್ರಾಣಿಗಳ ಮಾಂಸದಿಂದಲೇ ಹೊಟ್ಟೆ ತುಂಬಿಕೊಳ್ಳಬೇಕಾಗುತ್ತದೆ, ಹೊಟ್ಟೆ ತುಂಬುತ್ತದೆ, ಮನಸ್ಸು ಒರಟಾಗುತ್ತದೆ. ಆಮೇಲೆ ಕಸುಬು ಹೋಗುತ್ತದೆ. ಈ ಜನರಲ್ಲಿ ಹೆಸರೆಂದರೆ ಕಸುಬೇ. ತೋಟ ನೋಡುವವನಿಗೊಂದು ಹೆಸರು, ವೈದ್ಯನಿಗೊಂದು, ಕಟ್ಟಡದವನಿಗೊಂದು. ನೆನಪನ್ನು ಕಾಪಾಡುವವನ ಹೆಸರು ಡೋಯೆಗ್. ಆತನೇ ಕಥೆಯ ನಿರೂಪಕ. ಯಾರು ಕುಳಿತು ಹಳೆಯದನ್ನು ನೆನೆದು ಹೇಳುತ್ತಾರೋ ಆ ಹೊತ್ತಿಗೆ ಅವರೇ ಡೋಯೆಗ್. ತೋಟವೇ ಹೆಪ್ಪುಗಟ್ಟಿದ ಮೇಲೆ ತೋಟಗಾರನನ್ನು ಏನೆಂದು ಕರೆಯುವುದು? ಇಂಥ ಪ್ರಶ್ನೆಯನ್ನು ಲೆಸಿಂಗ್ ಸದ್ದು ಮಾಡದೆ ನಮ್ಮೆದುರು ಇಟ್ಟು ಮುಂದೆ ಹೋಗುತ್ತಾರೆ.

ಕೊನೆಗೆ ಬರುವುದು ನಿದ್ದೆ. ಜನ ಕತ್ತಲೆಯ ಕೊಟ್ಟಿಗೆಗಳಲ್ಲಿ ಒಬ್ಬರ ಮೇಲೊಬ್ಬರು ಒರಗಿ, ಕಂಬಳಿಯೊಳಗೆ ಮುದುಡಿ ಮಲಗಿಬಿಡುತ್ತಾರೆ. ಹಸಿವಿನಿಂದಲ್ಲ, ಏಳುವುದಕ್ಕೆ ಕಾರಣ ಕಾಣದೆ. ಅವರ ಮುಖಂಡರಾದ ಪ್ರತಿನಿಧಿಗಳು ಗುಡಿಸಲಿಂದ ಗುಡಿಸಲಿಗೆ ಹೋಗಿ ಅವರನ್ನು ಅಲ್ಲಾಡಿಸಿ ಎಬ್ಬಿಸುತ್ತಾರೆ. ಒಂದೇ ಒಂದು ಸಲ ಕೆಲವು ವಾರಗಳ ಬೇಸಿಗೆ ಬರುತ್ತದೆ, ನೆಲದಲ್ಲಿ ನೀಲಿಯ ಗಿಡಗಳು ಚಿಗುರುತ್ತವೆ. ಆ ಪುಟಗಳನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇದು ನಾಲ್ಕನೆಯ ದರ್ಜೆಯಾದರೆ ಮೊದಲನೆಯದು ಯಾವುದೋ ನನಗೆ ತಿಳಿಯದು.

ಇಷ್ಟೆಲ್ಲ ಕಷ್ಟದ ನಡುವೆ ಆ ಜನ ಸಾಯದೆ ಉಳಿದದ್ದು ಒಂದು ಮಾತಿನ ಮೇಲೆ. ಕೆನೋಪಸ್ ಅವರಿಗೆ ಮಾತು ಕೊಟ್ಟಿತ್ತು: ಹಡಗುಗಳು ಬರುತ್ತವೆ, ನಿಮ್ಮನ್ನು ರೊಹಂಡಾ ಎಂಬ ಚೆಲುವಾದ, ಸಮೃದ್ಧವಾದ ಗ್ರಹಕ್ಕೆ ಕರೆದೊಯ್ಯುತ್ತೇವೆ. ಗೋಡೆ ಕಟ್ಟಿಸಿದ್ದು ಅಲ್ಲಿಯವರೆಗೆ ಹಿಮವನ್ನು ತಡೆಯುವುದಕ್ಕಾಗಿ. ಜನ ಕಾದರು. ಬಂದದ್ದು ಹಡಗುಗಳ ಸಾಲಲ್ಲ, ಜೋಹರ್ ಎಂಬ ಒಬ್ಬ ದೂತ. ರೊಹಂಡಾ ಕೆಟ್ಟುಹೋಗಿದೆ, ನಕ್ಷತ್ರಗಳ ಹೊಂದಾಣಿಕೆ ತಪ್ಪಿ ಅಲ್ಲಿ ರೋಗ, ಯುದ್ಧ ತುಂಬಿವೆ, ಅದರ ಹೆಸರೇ ಈಗ ಶಿಕಸ್ತ, ಇನ್ನು ನಿಮಗೆ ಅಲ್ಲಿ ಜಾಗವಿಲ್ಲ ಎಂದು ಹೇಳುವುದಕ್ಕೆ ಅವನು ಬಂದ. ಶಿಕಸ್ತ ಎಂದರೆ ಪಾರಸಿಯಲ್ಲಿ ಮುರಿದದ್ದು. ಉರ್ದು ಬಲ್ಲ ನಮ್ಮ ಓದುಗರಿಗೆ ಅಪರಿಚಿತ ಶಬ್ದವಲ್ಲ. ಆ ಮುರಿದ ಗ್ರಹ ನಮ್ಮ ಭೂಮಿಯೇ ಎಂಬುದನ್ನು ಮಾಲೆಯ ಮೊದಲ ಕಾದಂಬರಿ ಓದಿದವರು ಬಲ್ಲರು.

ಕೆನೋಪಸ್ ಎಂಬ ನಕ್ಷತ್ರಕ್ಕೆ ನಮ್ಮಲ್ಲಿ ಒಂದು ಹೆಸರಿದೆಯಷ್ಟೆ: ಅಗಸ್ತ್ಯ. ಲುಬ್ಧಕವನ್ನು ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಕಾಶದ ನಕ್ಷತ್ರ ಅದೇ. ಶಿವರಾತ್ರಿಯ ಆಸುಪಾಸಿನಲ್ಲಿ ಸಂಜೆ ಕತ್ತಲಾದ ಮೇಲೆ ದಕ್ಷಿಣ ದಿಕ್ಕಿನಲ್ಲಿ ತಗ್ಗಿನಲ್ಲಿ ಅದನ್ನು ಯಾರಾದರೂ ನೋಡಬಹುದು. ಲಂಡನ್ನಿನ ಆಕಾಶದಲ್ಲಿ ಅದು ಏಳುವುದೇ ಇಲ್ಲ. ಲೆಸಿಂಗ್ ಬೆಳೆದದ್ದು ಆಫ್ರಿಕದ ದಕ್ಷಿಣ ರೊಡೇಸಿಯದಲ್ಲಿ, ಅಲ್ಲಿ ಅದು ನೆತ್ತಿಯ ಕಡೆಗೆ ಚೆನ್ನಾಗಿ ಏರಿ ಬರುತ್ತದೆ. ಅಗಸ್ತ್ಯನ ಹೆಸರು ಕೇಳಿದರೆ ನಮಗೆ ನೆನಪಾಗುವ ಕಥೆ ಯಾವುದು? ಮೇರುವಿನ ಮೇಲಿನ ಸ್ಪರ್ಧೆಯಿಂದ ವಿಂಧ್ಯ ಬೆಳೆದು ಬೆಳೆದು ಸೂರ್ಯನ ದಾರಿಗೆ ಅಡ್ಡವಾದಾಗ, ದೇವತೆಗಳ ಪ್ರಾರ್ಥನೆಯಂತೆ ಋಷಿ ಬಂದ. 'ನಾನು ದಕ್ಷಿಣಕ್ಕೆ ಹೋಗಿ ಬರುತ್ತೇನೆ, ಬರುವವರೆಗೆ ತಗ್ಗಿಕೊಂಡಿರು' ಎಂದ. ವಿಂಧ್ಯ ತಗ್ಗಿತು. ಅಗಸ್ತ್ಯ ಹಿಂದಿರುಗಲಿಲ್ಲ. ವಿಂಧ್ಯ ಇಂದಿಗೂ ತಗ್ಗಿಕೊಂಡೇ ಇದೆ.

ಲೋಕಹಿತಕ್ಕಾಗಿ ನಡೆದ ಉಪಾಯ ಎಂದು ಈ ಕಥೆಯನ್ನು ನಾವು ಸಂತೋಷದಿಂದ ಹೇಳುತ್ತೇವೆ. ಒಪ್ಪಿದೆ, ವಿಂಧ್ಯಕ್ಕೆ ಗರ್ವವಿತ್ತು. ಎಂಟನೆಯ ಗ್ರಹದವರಿಗೆ ಯಾವ ಗರ್ವವಿತ್ತು? ಅವರು ಯಾವ ಸೂರ್ಯನಿಗೆ ಅಡ್ಡ ನಿಂತಿದ್ದರು? ಕಟ್ಟಿ ಎಂದರೆ ಕಟ್ಟಿದರು, ಕಾಯಿರಿ ಎಂದರೆ ಕಾದರು. ಲೆಸಿಂಗ್ ಅವರಿಗೆ ನಮ್ಮ ಪುರಾಣ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಗೊತ್ತಿರುವ ನಾವು ಈ ಪುಸ್ತಕ ಓದುವಾಗ ಋಷಿಯ ಮುಖವನ್ನಷ್ಟೇ ನೋಡುತ್ತ ಕುಳಿತು ಬೆಟ್ಟದ ಬೆನ್ನನ್ನು ಮರೆತರೆ ಹೇಗೆ?

ಉಪನಿಷತ್ತಿನ ಮಿತ್ರರು ಮರೆಯುವುದು ಇದನ್ನೇ. ಅವರಿಗೆ ಪ್ರಿಯವಾದುದು ಪುಸ್ತಕದ ಉತ್ತರಾರ್ಧ. ಹಡಗಿಲ್ಲದೆ ಬಂದ ಜೋಹರ್ ಅಲ್ಲಿ ಉಳಿಯುತ್ತಾನೆ, ಚಳಿಯ ಕೊಟ್ಟಿಗೆಯಲ್ಲಿ ಡೋಯೆಗ್‌ನ ಎದುರು ಕುಳಿತು ದೀರ್ಘವಾದ ಪ್ರಶ್ನೋತ್ತರ ನಡೆಸುತ್ತಾನೆ. ನೀನು ಯಾರು? ಈ ಕೈ ನೀನೋ? ಈ ಮೈಯನ್ನು ಸೂಕ್ಷ್ಮವಾಗಿ ನೋಡುತ್ತ ಹೋದರೆ ಅಣುಗಳು, ಅಣುಗಳ ನಡುವೆ ಬರಿಯ ಬಯಲು. ಹಾಗಾದರೆ 'ನಾನು' ಎಂಬುದು ಎಲ್ಲಿದೆ? ಕೊನೆಯಲ್ಲಿ ಗೋಡೆ ಬಿರುಕು ಬಿಟ್ಟು ಉರುಳುತ್ತದೆ, ಜನ ಅಳಿಯುತ್ತಾರೆ, ಪ್ರತಿನಿಧಿಗಳು ಮಂಜುಗಡ್ಡೆಯ ಮೇಲೆ ಧ್ರುವದ ಕಡೆಗೆ ನಡೆದು ಒಬ್ಬೊಬ್ಬರಾಗಿ ಬೀಳುತ್ತಾರೆ. ಬಿದ್ದ ಮೇಲೆ ತಮ್ಮ ಹೆಪ್ಪುಗಟ್ಟಿದ ದೇಹಗಳನ್ನು ಹೊರಗಿನಿಂದ ನೋಡುತ್ತಾರೆ, ಹಲವರಾಗಿದ್ದವರು ಒಬ್ಬನಾಗುತ್ತಾರೆ, ಆ ಒಬ್ಬನೇ ಎಂಟನೆಯ ಗ್ರಹದ ಪ್ರತಿನಿಧಿ, ಅವನನ್ನು ಕೆನೋಪಸ್ ತನ್ನೆಡೆಗೆ ಬರಮಾಡಿಕೊಳ್ಳುತ್ತದೆ. ಇದಕ್ಕೆ ಫಿಲಿಪ್ ಗ್ಲಾಸ್ ಎಂಬ ಸಂಗೀತಗಾರ ಆಪೆರಾ ಕಟ್ಟಿದರು, ಲೆಸಿಂಗ್ ಅವರೇ ಅದಕ್ಕೆ ಸಾಹಿತ್ಯ ಬರೆದುಕೊಟ್ಟರು; 1988ರಲ್ಲಿ ಅದು ಅಮೆರಿಕದ ಹ್ಯೂಸ್ಟನ್ನಿನಲ್ಲಿ ರಂಗಕ್ಕೆ ಬಂತು. ಈ ಕೊನೆಯ ಪುಟಗಳ ಭವ್ಯತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಲೆಸಿಂಗ್ ಇದ್ರೀಸ್ ಶಾಹ್ ಅವರ ಮೂಲಕ ಸೂಫಿ ವಿಚಾರಗಳಿಗೆ ಒಲಿದವರು. ಆ ಒಲವಿನ ಫಲ ಇಲ್ಲಿ ಕಾಣುತ್ತದೆ. ಅದ್ವೈತ ಕೇಳಿ ಬೆಳೆದ ನಮಗೆ ಅದು ಮನೆಯ ಮಾತಿನಂತೆ ಕೇಳಿಸುವುದೂ ಸಹಜ.

ಆದರೆ ಒಂದು ಪ್ರಶ್ನೆ. 'ನಾನು ಈ ದೇಹವಲ್ಲ' ಎಂಬ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಬಹುದು? ತನಗೆ ತಾನು ಹೇಳಿಕೊಂಡರೆ ಅದು ಸಾಧನೆ. ಚಳಿಯಲ್ಲಿ ನಡುಗುತ್ತಿರುವವನಿಗೆ, ಕಂಬಳಿ ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬಂದವನು ಹೇಳಿದರೆ ಅದು ಏನು? ನಮ್ಮ ಹಳ್ಳಿಯ ಮುದುಕಿಯೊಬ್ಬಳನ್ನು ಕೇಳಿದರೆ ಅದಕ್ಕೆ ತಕ್ಕ ಹೆಸರು ಕೊಟ್ಟಾಳು, ಅಚ್ಚಿನಲ್ಲಿ ಹಾಕುವಂಥದಾಗಿರದು. ಉಪದೇಶದ ಸತ್ಯ ಉಪದೇಶಕನ ಸಾಲವನ್ನು ತೀರಿಸಲಾರದು. ಅಣುವಿನೊಳಗೆ ಬಯಲಿದೆ ಎಂಬುದು ನಿಜವಾಗಿರಬಹುದು. ಹಡಗು ಬರಲಿಲ್ಲ ಎಂಬುದೂ ನಿಜ. ಮೊದಲನೆಯ ನಿಜದಿಂದ ಎರಡನೆಯದನ್ನು ಮುಚ್ಚುವ ಓದನ್ನು ನಾನು ಒಪ್ಪಲಾರೆ.

ಇದಕ್ಕೆ ಅವರ ಉತ್ತರ ನನಗೆ ಗೊತ್ತು. ಜೋಹರ್ ದೂರದಲ್ಲಿ ಕುಳಿತು ಹೇಳಲಿಲ್ಲ. ತಾನೂ ಆ ಚಳಿಯಲ್ಲಿ ಇದ್ದ, ತಾನೂ ಆ ಮಾಂಸ ತಿಂದ, ತಾನೂ ನಡುಗಿದ. ಕೆನೋಪಸ್ಸಿಗೂ ಮೀರಲಾಗದ ಒಂದು ನಿಯಮವಿದೆ. ನಕ್ಷತ್ರಗಳ ಸ್ಥಾನ ತಪ್ಪಿದರೆ ಅದು ತಾನೇ ಏನು ಮಾಡೀತು? ಮೊದಲ ಮಾತಿಗೆ ನಾನು ತಲೆಬಾಗುತ್ತೇನೆ. ಜೋಹರ್ ಅಲ್ಲಿ ಉಳಿದುದರಿಂದಲೇ ಈ ಪುಸ್ತಕ ಬರಿಯ ಪ್ರವಚನವಾಗದೆ ಕಾದಂಬರಿಯಾಗಿ ಉಳಿಯಿತು. ಎರಡನೆಯ ಮಾತಿಗೆ ಹಾಗಲ್ಲ. ನಿಯಮ ಮೀರಲಾಗದ್ದು ಎಂದು ನಮಗೆ ಹೇಳುತ್ತಿರುವವರು ಯಾರು? ಕೆನೋಪಸ್ಸಿನವರೇ. ಮಾಲೆಯ ಹೆಸರನ್ನು ಸ್ವಲ್ಪ ನಿಧಾನಿಸಿ ನೋಡಿ: 'ಆರ್ಕೈವ್ಸ್', ಎಂದರೆ ದಫ್ತರ. ಡೋಯೆಗ್‌ನ ಕಥೆ ಶುರುವಾಗುವುದೇ ಯಾರೋ ಕೇಳಿದ ಪ್ರಶ್ನೆಗೆ ಉತ್ತರವಾಗಿ: ಹಿಮದ ಕಾಲದಲ್ಲಿ ಕೆನೋಪಸ್ಸಿನ ದೂತರು ನಿಮ್ಮ ಕಣ್ಣಿಗೆ ಹೇಗೆ ಕಂಡರು ಎಂದು. ಇದು ಆಳುವವರ ದಫ್ತರದಲ್ಲಿ ದಾಖಲಾದ ಹೇಳಿಕೆ. ಆಳುವವರ ಬಳಿಗೆ ಸೇರಿಕೊಂಡಾದ ಮೇಲೆ ಕೊಟ್ಟ ಹೇಳಿಕೆ. ಕೊಟ್ಟಿಗೆಯಲ್ಲಿ ಮಲಗಿದವರು, ಎಬ್ಬಿಸಿದರೂ ಏಳದವರು, ಅವರ ಹೇಳಿಕೆ ಆ ದಫ್ತರದಲ್ಲಿ ಇಲ್ಲ.

'ಅವರೆಲ್ಲ ಪ್ರತಿನಿಧಿಯಲ್ಲಿ ಅಡಕವಾಗಿದ್ದಾರಲ್ಲ!' ಎನ್ನುತ್ತಾರೆ ಮಿತ್ರರು. ಐದು ವರ್ಷಕ್ಕೊಮ್ಮೆ ಪ್ರತಿನಿಧಿಗಳನ್ನು ಆರಿಸಿ ಕಳಿಸುವ ಅಭ್ಯಾಸವಿರುವ ನಾವು ಈ ಮಾತನ್ನು ನಗದೆ ಕೇಳುವುದು ಕಷ್ಟ. ನಮ್ಮ ಪ್ರತಿನಿಧಿ ಸುಖವಾಗಿ ತಲುಪಿದ್ದಾನೆ, ಆದ್ದರಿಂದ ನಾವೂ ತಲುಪಿದ್ದೇವೆ ಎಂದು ಯಾವ ಮತದಾರ ಸಮಾಧಾನಪಟ್ಟುಕೊಂಡಾನು?

ಲೆಸಿಂಗ್ ಅವರ ಬಾಳನ್ನು ಬಲ್ಲವರಿಗೆ ಈ ಒಳ್ಳೆಯ ಸಾಮ್ರಾಜ್ಯದ ಕಲ್ಪನೆ ಇನ್ನೂ ಸೋಜಿಗ ತರುತ್ತದೆ. 1919ರಲ್ಲಿ ಪರ್ಷಿಯದಲ್ಲಿ ಹುಟ್ಟಿದ ಆಕೆ 1925ರಲ್ಲಿ ತಂದೆತಾಯಿಗಳ ಜೊತೆ ರೊಡೇಸಿಯಕ್ಕೆ ಹೋದರು. ತಂದೆ ಅಲ್ಲಿ ಜೋಳ ಬೆಳೆಯಲು ಹೋದ ಬಿಳಿಯ ಒಕ್ಕಲಿಗ. 1930ರಲ್ಲಿ ಅಲ್ಲಿಯ ಸರ್ಕಾರ ಭೂಮಿ ಹಂಚಿಕೆಯ ಕಾಯಿದೆ ತಂದು ಒಳ್ಳೆಯ ನೆಲದ ದೊಡ್ಡ ಪಾಲನ್ನು ಕೆಲವೇ ಬಿಳಿಯರಿಗೆ ಬರೆದು, ಬಹುಸಂಖ್ಯೆಯ ಕರಿಯರನ್ನು ಮೀಸಲು ಪ್ರದೇಶಗಳಿಗೆ ಅಟ್ಟಿತು. ಅದನ್ನೂ ಹಿತಕ್ಕಾಗಿ ಎಂದೇ ಹೇಳಲಾಗಿತ್ತು. ಈ ಅನ್ಯಾಯವನ್ನು ಕಂಡು ಕೆಂಡವಾದ ಲೇಖಕಿ ಆಕೆ. 1950ರ ಮೊದಲ ಕಾದಂಬರಿಯಲ್ಲಿಯೇ ಅದನ್ನು ಬಯಲಿಗೆಳೆದರು. 1956ರಲ್ಲಿ ರೊಡೇಸಿಯಕ್ಕೂ ದಕ್ಷಿಣ ಆಫ್ರಿಕಕ್ಕೂ ಕಾಲಿಡದಂತೆ ನಿಷೇಧಕ್ಕೆ ಒಳಗಾದರು. ದೂರದಿಂದ ಅಪ್ಪಣೆ ಕಳಿಸಿ ಜನರನ್ನು ಅಲ್ಲಿಂದಿಲ್ಲಿಗೆ ಎತ್ತಿಡುವ ಸರ್ಕಾರವನ್ನು ಕಣ್ಣಾರೆ ಕಂಡ ಅದೇ ಲೇಖಕಿ, ಅಂಥದೇ ಸರ್ಕಾರವನ್ನು ನಕ್ಷತ್ರದಲ್ಲಿಟ್ಟು ಅದನ್ನು ನಂಬಿರಿ ಎನ್ನುತ್ತಾರೆ! ಕಾದಂಬರಿಕಾರ್ತಿ ಕಂಡದ್ದನ್ನು ಗುರುವಾಗ ಹೊರಟವರು ಮರೆತರು ಎಂದೇ ನನಗೆ ತೋರುತ್ತದೆ. ಪುಣ್ಯಕ್ಕೆ ಕಾದಂಬರಿಕಾರ್ತಿ ಮೊದಲರ್ಧವನ್ನು ಬರೆದು ಮುಗಿಸಿದ್ದರು.

ಪುಸ್ತಕದ ಕೊನೆಯಲ್ಲಿ ಲೆಸಿಂಗ್ ಒಂದು ಹಿನ್ನುಡಿ ಬರೆದಿದ್ದಾರೆ. ಅದು ಕಥೆಯ ಬಗ್ಗೆ ಅಲ್ಲ, ದಕ್ಷಿಣ ಧ್ರುವಕ್ಕೆ ಹೋದ ಕ್ಯಾಪ್ಟನ್ ಸ್ಕಾಟ್ ಮತ್ತು ಆತನ ಸಂಗಡಿಗರ ಬಗ್ಗೆ. ಅವರಲ್ಲೂ ಎಡ್ವರ್ಡ್ ವಿಲ್ಸನ್ ಎಂಬ ವೈದ್ಯನ ಬಗ್ಗೆ. ಈ ಕಾದಂಬರಿಯ ಬೇರು ಅಲ್ಲಿದೆ ಎಂದು ಆಕೆಯೇ ಸೂಚಿಸುತ್ತಾರೆ. ಇದನ್ನು ಮಿತ್ರರು ನನ್ನ ವಿರುದ್ಧ ಸಾಕ್ಷಿಯಾಗಿ ತರುತ್ತಾರೆ: ನೋಡಿ, ಹಿಮದಲ್ಲಿ ಸಾಯುವ ಧೀರರ ಆತ್ಮಬಲವೇ ಇಲ್ಲಿನ ವಸ್ತು ಎಂದು. ಒಳ್ಳೆಯದು, ಆ ಸಾಕ್ಷಿಯನ್ನೇ ವಿಚಾರಿಸೋಣ.

ಸ್ಕಾಟ್ ಮತ್ತು ನಾಲ್ವರು 1912ರ ಜನವರಿ 17ರಂದು ಧ್ರುವವನ್ನು ಮುಟ್ಟಿದರು. ನಾರ್ವೆಯ ಅಮುಂಡ್ಸೆನ್ ಐದು ವಾರ ಮೊದಲೇ, 1911ರ ಡಿಸೆಂಬರ್ 14ರಂದು, ಅಲ್ಲಿ ಬಾವುಟ ನೆಟ್ಟು ಹೋಗಿದ್ದ. ಹಿಂದಿರುಗುವ ದಾರಿಯಲ್ಲಿ ಐವರೂ ಸತ್ತರು. ಸ್ಕಾಟ್, ವಿಲ್ಸನ್, ಬೋವರ್ಸ್ ಮೂವರ ದೇಹಗಳು ನವೆಂಬರಿನಲ್ಲಿ ಗುಡಾರದೊಳಗೆ ಸಿಕ್ಕವು. ಅವರ ಶೀತಸಹನೆಯನ್ನು, ಸಂಗಾತಿಗಳ ಮೇಲಿನ ವಿಶ್ವಾಸವನ್ನು ಯಾರು ಹೊಗಳದೆ ಇದ್ದಾರು? ಹಿಂದಿನ ಚಳಿಗಾಲದಲ್ಲಿ, ಸೂರ್ಯನೇ ಹುಟ್ಟದ ಕತ್ತಲೆಯಲ್ಲಿ, ಇದೇ ವಿಲ್ಸನ್ ಪೆಂಗ್ವಿನ್ ಪಕ್ಷಿಯ ಮೊಟ್ಟೆ ತರುವುದಕ್ಕಾಗಿ ಕ್ರೋಜ಼ಿಯರ್ ಭೂಶಿರಕ್ಕೆ ಹೋಗಿ ಜೀವ ಉಳಿಸಿಕೊಂಡು ಬಂದಿದ್ದ. ಮೂವರು ಹೋಗಿ ತಂದದ್ದು ಮೂರು ಮೊಟ್ಟೆ. ಇಂಥವರ ಮುಂದೆ ಟೀಕೆಯ ನಾಲಗೆ ಹೊರಳದು.

ಆದರೆ ಆ ಗುಡಾರ ಇದ್ದದ್ದು ಎಲ್ಲಿ? 'ಒನ್ ಟನ್ ಡಿಪೋ' ಎಂಬ ಉಗ್ರಾಣದಿಂದ ಬರಿಯ 11 ಮೈಲಿ ದೂರದಲ್ಲಿ. ಆ ಉಗ್ರಾಣವನ್ನು 80ನೆಯ ಅಕ್ಷಾಂಶದಲ್ಲಿ ಇಡಬೇಕೆಂದು ಗೊತ್ತುಮಾಡಿ, 1911ರಲ್ಲಿ ಕುದುರೆಗಳು ಸೋತವೆಂದು ಅದಕ್ಕಿಂತ 30 ಮೈಲಿಗೂ ಹೆಚ್ಚು ಈಚೆಗೆ ಇಟ್ಟು ಬಂದಿದ್ದರು. ಗೊತ್ತುಮಾಡಿದ ಜಾಗದಲ್ಲಿ ಇಟ್ಟಿದ್ದರೆ, ಆ ಮೂವರು ತಮ್ಮ ಕೊನೆಯ ಗುಡಾರ ಹಾಕುವ ಮೊದಲೇ ಅದನ್ನು ದಾಟಿ ಬಂದಿರುತ್ತಿದ್ದರು. ಬದುಕುತ್ತಿದ್ದರೋ ಇಲ್ಲವೋ ಬೇರೆ ಮಾತು; ಅನ್ನವೂ ಎಣ್ಣೆಯೂ ಕೈಗೆ ಸಿಗುತ್ತಿದ್ದವು. ಬ್ರಿಟನ್ ಬಹುಕಾಲ ಆತ್ಮಬಲವನ್ನು ಹಾಡುತ್ತ ಉಗ್ರಾಣದ ಲೆಕ್ಕವನ್ನು ಬದಿಗಿಟ್ಟಿತು. 1979ರಲ್ಲಿ ರೋಲಂಡ್ ಹಂಟ್‌ಫರ್ಡ್ ಎಂಬವರು ಸ್ಕಾಟ್ ಮತ್ತು ಅಮುಂಡ್ಸೆನ್ ಇಬ್ಬರನ್ನೂ ತೂಗಿ ನೋಡಿ ಕಟುವಾದ ಪುಸ್ತಕ ಬರೆದ ಮೇಲೆ ಜಗಳ ಹತ್ತಿತು. ಆ ಜಗಳದಲ್ಲಿ ಯಾರ ಪಕ್ಷ ಸರಿ ಎಂಬುದು ಇಲ್ಲಿ ಮುಖ್ಯವಲ್ಲ. ಉಗ್ರಾಣ ಎಲ್ಲಿತ್ತು ಎಂದು ಕೇಳುವುದು ಸತ್ತವರಿಗೆ ಮಾಡುವ ಅಗೌರವವಲ್ಲ ಎಂಬುದಷ್ಟೇ ನನ್ನ ವಾದ. ಇನ್ನೊಂದು ಭೇದವನ್ನೂ ಗಮನಿಸಬೇಕು. ಸ್ಕಾಟನ ಸಂಗಡಿಗರು ಹೋಗುತ್ತೇವೆಂದು ತಾವೇ ಮುಂದೆ ಬಂದು ಹೋದವರು. ಎಂಟನೆಯ ಗ್ರಹದವರು ಎಲ್ಲಿಗೂ ಹೋಗಲಿಲ್ಲ. ಹಿಮ ಅವರ ಮನೆಯ ಬಾಗಿಲಿಗೆ ಬಂತು. ಆರಿಸಿಕೊಂಡ ಸಾವಿಗೂ ಹೇರಿದ ಸಾವಿಗೂ ಒಂದೇ ಆರತಿ ಎತ್ತಬಾರದು.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಾದ್ದರಿಂದ ನನಗೆ ರಾಘವಾಂಕನ ಹರಿಶ್ಚಂದ್ರ ಕಾವ್ಯ ನೆನಪಾಗದೆ ಇರದು. ಅಲ್ಲಿಯೂ ಕೊನೆಗೆ ಎಲ್ಲ ಪರೀಕ್ಷೆ ಎಂದಾಗುತ್ತದೆ, ಶಿವ ಮೈದೋರುತ್ತಾನೆ, ಸತ್ತ ಮಗ ಏಳುತ್ತಾನೆ, ಹೋದ ರಾಜ್ಯ ಬರುತ್ತದೆ. ಇಷ್ಟು ವರ್ಷದ ಪಾಠದಲ್ಲಿ ಆ ಮಂಗಳವನ್ನು ಕೇಳಿ ಕಣ್ಣೊರೆಸಿಕೊಂಡ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಸ್ಮಶಾನದಲ್ಲಿ ಲೋಹಿತಾಶ್ವನ ಹೆಣವನ್ನು ತೊಡೆಯ ಮೇಲಿಟ್ಟುಕೊಂಡ ಚಂದ್ರಮತಿಯ ಅಳಲನ್ನು ಓದುವಾಗ ಕೋಣೆಯೆಲ್ಲ ಸದ್ದಡಗುತ್ತದೆ. ಕವಿಯ ಜೀವ ಎಲ್ಲಿದೆಯೆಂಬುದು ಹುಡುಗರಿಗೆ ತಿಳಿಯುತ್ತದೆ, ನಮ್ಮ ವಿದ್ವಾಂಸರಿಗೆ ತಿಳಿಯುವುದಿಲ್ಲವೇ? ಲೆಸಿಂಗ್ ಅವರ ಜೀವವೂ ಹಾಗೆ ಕೊಟ್ಟಿಗೆಯಲ್ಲಿದೆ, ಧ್ರುವದ ಮೇಲಲ್ಲ.

ಇದಕ್ಕೆ ಲೆಸಿಂಗ್ ಅವರದೇ ಇನ್ನೊಂದು ಪುಸ್ತಕವನ್ನು ನನ್ನ ಕಡೆಯ ಸಾಕ್ಷಿಯಾಗಿ ಕರೆಯುತ್ತೇನೆ. 1999ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಆಕೆ ಮತ್ತೆ ಹಿಮಯುಗಕ್ಕೆ ಮರಳಿ 'ಮಾರಾ ಅಂಡ್ ಡಾನ್' ಬರೆದರು. ಈ ಸಲ ಗ್ರಹ ನಮ್ಮದೇ, ಕಾಲ ಸಾವಿರಾರು ವರ್ಷಗಳಾಚೆಯದು. ಯೂರೋಪು ಮಂಜುಗಡ್ಡೆಯ ಕೆಳಗೆ ಹೂತುಹೋಗಿದೆ. ಅಫ್ರಿಕದ ದಕ್ಷಿಣಭಾಗ ಬರದಿಂದ ಸುಡುತ್ತಿದೆ. ಒಬ್ಬ ಅಕ್ಕ, ಒಬ್ಬ ತಮ್ಮ, ಉತ್ತರಕ್ಕೆ ನಡೆಯುತ್ತಾರೆ. ಆ ದಪ್ಪ ಪುಸ್ತಕದ ತುಂಬ ನಡೆಯುವುದೇ. ನೀರೆಲ್ಲಿ, ಬೇರು ಯಾವುದು ತಿನ್ನಬಹುದು, ಯಾರನ್ನು ನಂಬಬಹುದು, ನಾಣ್ಯಗಳನ್ನು ಮೈಮೇಲೆ ಎಲ್ಲಿ ಅಡಗಿಸಬೇಕು. ಇಲ್ಲಿ ಕೆನೋಪಸ್ ಇಲ್ಲ, ಮಾತು ಕೊಟ್ಟವರಿಲ್ಲ, ಆತ್ಮದ ಪಾಠ ಹೇಳಲು ಬರುವವರೂ ಇಲ್ಲ. ಮಾರಾ ಪ್ರತಿಯೊಂದಕ್ಕೂ 'ಏಕೆ' ಎಂದು ಕೇಳುವ ಹೆಣ್ಣು. ಗೋಡೆ ಕಟ್ಟಿ ಎಂದು ಇವಳಿಗೆ ಅಪ್ಪಣೆ ಬಂದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಹದಿನೇಳು ವರ್ಷ ಕಳೆದ ಮೇಲೆ ಲೇಖಕಿ ತನ್ನ ಎಂಟನೆಯ ಗ್ರಹಕ್ಕೆ ತಾನೇ ಕೊಟ್ಟ ಉತ್ತರ ಇದೆಂದು ನಾನು ಓದುತ್ತೇನೆ. ಇದನ್ನು ಉಪನಿಷತ್ತೆಂದು ಕರೆದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.

ಇದೆಲ್ಲ ಪುಸ್ತಕದ ಮಾತು, ಇಷ್ಟು ಕಾವೇಕೆ ಎಂದು ಕೇಳಬಹುದು. ಲೆಸಿಂಗ್ ಬರೆಯುವ ಹೊತ್ತಿಗೆ ಹಿಮಯುಗದ ಮಾತು ಪತ್ರಿಕೆಗಳಲ್ಲಿತ್ತು. 1975ರಲ್ಲಿ 'ನ್ಯೂಸ್‌ವೀಕ್' ಲೋಕ ತಣ್ಣಗಾಗುತ್ತಿದೆಯೆಂದು ಬರೆಯಿತು. 1976ರಲ್ಲಿ ಹೇಸ್, ಇಂಬ್ರಿ, ಶಾಕಲ್‌ಟನ್ ಎಂಬ ಮೂವರು ವಿಜ್ಞಾನಿಗಳು ಸಮುದ್ರದ ತಳದ ಕೆಸರನ್ನು ಪರೀಕ್ಷಿಸಿ, ಹಿಮಯುಗಗಳು ಬಂದುಹೋಗುವ ತಾಳಕ್ಕೂ ಭೂಮಿಯ ಕಕ್ಷೆಯ, ಓಲುವಿಕೆಯ ಸಣ್ಣ ವ್ಯತ್ಯಾಸಗಳಿಗೂ ಸಂಬಂಧವಿದೆಯೆಂದು ತೋರಿಸಿದರು. ಸರ್ಬಿಯದ ಮಿಲಾಂಕೊವಿಚ್ ಬಹು ಮೊದಲೇ ಕೂತು ಲೆಕ್ಕ ಹಾಕಿದ್ದ ವಿಷಯ ಅದು. ಆಕಾಶದ ಹೊಂದಾಣಿಕೆ ಸ್ವಲ್ಪ ತಪ್ಪಿದರೆ ಲೋಕ ಹೆಪ್ಪುಗಟ್ಟೀತು ಎಂಬ ಲೆಸಿಂಗ್ ಅವರ ಕಲ್ಪನೆ ಬರಿಯ ಗಾಳಿಗುದುರೆಯಲ್ಲ. ಆದರೆ ನಮ್ಮ ಪಾಲಿಗೆ ಈಗ ಬಂದಿರುವುದು ಹಿಮವಲ್ಲ, ಹಿಮದ ಕರಗುವಿಕೆ. ಅದಕ್ಕೆ ಕಾರಣ ನಕ್ಷತ್ರವಲ್ಲ, ನಾವು ಸುಡುವ ಕಲ್ಲಿದ್ದಲು, ಎಣ್ಣೆ. ಇಲ್ಲಿ ಮೀರಲಾಗದ ನಿಯಮದ ಹೆಸರು ಹೇಳಿ ತಪ್ಪಿಸಿಕೊಳ್ಳುವುದಕ್ಕೂ ದಾರಿಯಿಲ್ಲ.

ಪೆಸಿಫಿಕ್ ಸಾಗರದಲ್ಲಿ ತುವಾಲು ಎಂಬ ಪುಟ್ಟ ದೇಶವಿದೆ. ಜನಸಂಖ್ಯೆ ಸುಮಾರು 11 ಸಾವಿರ. ಅಲ್ಲಿಯ ಅತ್ಯಂತ ಎತ್ತರದ ನೆಲ ಕಡಲಿನಿಂದ ಐದು ಮೀಟರೂ ಇಲ್ಲ. ಏರುತ್ತಿರುವ ಕಡಲನ್ನು ಕಂಡು ಆ ದೇಶ ಆಸ್ಟ್ರೇಲಿಯದೊಡನೆ 2023ರಲ್ಲಿ ಒಪ್ಪಂದ ಮಾಡಿಕೊಂಡಿತು. 2024ರಲ್ಲಿ ಅದು ಜಾರಿಗೆ ಬಂತು. ವರ್ಷಕ್ಕೆ 280 ಜನ ಆಸ್ಟ್ರೇಲಿಯದಲ್ಲಿ ನೆಲೆಸಬಹುದು, ಚೀಟಿ ಎತ್ತಿ ಆರಿಸುವುದು. 2025ರಲ್ಲಿ ಮೊದಲ ಚೀಟಿಗೆ ಹೆಸರು ಕೊಟ್ಟವರು, ಮನೆಮಂದಿಯೂ ಸೇರಿ, 8 ಸಾವಿರಕ್ಕೂ ಹೆಚ್ಚು. ಇದು ಹಡಗು ಬರದ ಕಥೆಯಲ್ಲ. ಹಡಗು ಬಂದಿದೆ, ಅದರಲ್ಲಿ 280 ಜಾಗಗಳಿವೆ. ಚೀಟಿಯಲ್ಲಿ ಹೆಸರು ಬಾರದವನ ಮುಂದೆ ಕುಳಿತು 'ಈ ದೇಹ ನೀನಲ್ಲ' ಎಂದು ಆರಂಭಿಸುವ ಧೈರ್ಯ ನಮ್ಮ ಉಪನಿಷತ್ತಿನ ಮಿತ್ರರಲ್ಲಿ ಯಾರಿಗಿದೆಯೋ ಕೈ ಎತ್ತಲಿ. ಕಾದಂಬರಿಯ ಓದು ಕಾದಂಬರಿಯಲ್ಲೇ ನಿಲ್ಲುವುದಿಲ್ಲ. ಎಂಟನೆಯ ಗ್ರಹದ ಸಾವಿಗೆ ಮೋಕ್ಷದ ಹೆಸರಿಟ್ಟು ಮೆಚ್ಚುವ ಅಭ್ಯಾಸವಾದರೆ, ನಾಳೆ ತುವಾಲುವಿನ ವಿಷಯದಲ್ಲೂ ನಾಲಗೆಗೆ ಅದೇ ಮಾತು ಬಂದೀತು.

ಈ ಕಾದಂಬರಿಯನ್ನು ಕನ್ನಡಿಸಲು ಯಾರಾದರೂ ಉತ್ಸಾಹಿಗಳು ಹೊರಟರೆ ನನಗೆ ಸಂತೋಷ. ಅವರಲ್ಲಿ ಒಂದೆರಡು ಬಿನ್ನಹ. ಮೊದಲ ಹಿಮಪಾತದ ಪುಟದಲ್ಲಿ 'ಹಿಮ', 'ತುಷಾರ' ಎಂದೆಲ್ಲ ಸಂಸ್ಕೃತ ಸುರಿಯದಿರಿ. ಆ ಜನಕ್ಕೆ ಅದು ಏನೆಂದು ಗೊತ್ತಿಲ್ಲ, 'ಬಿಳಿಯದು' ಎಂದರೆ ಸಾಕು. ಮಲಗಿದವರ ಪುಟಗಳನ್ನು ಸಂಕ್ಷೇಪಿಸದಿರಿ. ಕೆನೋಪಸ್ಸಿಗೆ ಧೈರ್ಯವಿದ್ದರೆ 'ಅಗಸ್ತ್ಯ' ಎಂದೇ ಹಾಕಿ. ಕೊನೆಯಲ್ಲಿ ಬರುವ ರೆಪ್ರೆಸೆಂಟೆಟಿವ್ ಎಂಬುದಕ್ಕೆ 'ಪ್ರತಿನಿಧಿ' ಎಂಬ ನಮ್ಮ ತಾಲ್ಲೂಕು ಕಚೇರಿಯ ಮಾತೇ ಇರಲಿ. ಅದನ್ನು ಯಾವ ಕಾರಣಕ್ಕೂ 'ಪರಮಾತ್ಮ' ಮಾಡಬೇಡಿ.